ಸಾಧನದ ವಿವರಣೆ ಬರೆಯಬೇಕಾದವರು ಯಾರು?

ಕೃತಕ ಬುದ್ಧಿಮತ್ತೆಯ ‘ಏಜೆಂಟ್’ ತಂತ್ರಾಂಶಗಳು ನಮ್ಮ ವಾಣಿಜ್ಯ ಸಂಸ್ಥೆಗಳ ಕಚೇರಿಗಳನ್ನು ಪ್ರವೇಶಿಸತೊಡಗಿವೆ. ಕೇಳಿದ ಪ್ರಶ್ನೆಗೆ ಉತ್ತರ ನೀಡುವುದಷ್ಟೇ ಇವುಗಳ ಕೆಲಸವಲ್ಲ. ಬಿಲ್ಲು ತಯಾರಿಸುವುದು, ಬಾಕಿದಾರರಿಗೆ ಪತ್ರ ಕಳುಹಿಸುವುದು, ಜಿ.ಎಸ್.ಟಿ. ವಿವರಗಳನ್ನು ತಾಳೆ ನೋಡುವುದು ಮುಂತಾದ ಕಾರ್ಯಗಳನ್ನೂ ಇವು ನಿರ್ವಹಿಸಬಲ್ಲವು. ಇದಕ್ಕಾಗಿ ಇವುಗಳಿಗೆ ‘ಟೂಲ್’ ಎಂದು ಕರೆಯಲಾಗುವ ಸಾಧನಗಳನ್ನು ಒದಗಿಸಲಾಗುತ್ತದೆ. 2024ರ ನವೆಂಬರ್ ತಿಂಗಳಲ್ಲಿ ಆಂಥ್ರೊಪಿಕ್ ಸಂಸ್ಥೆಯು ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ಮುಕ್ತ ಮಾನದಂಡದಲ್ಲಿ ಪ್ರತಿಯೊಂದು ಸಾಧನಕ್ಕೂ ಒಂದು ಹೆಸರು, ಒಂದು ವಿವರಣೆ ಮತ್ತು ಭರ್ತಿ ಮಾಡಬೇಕಾದ ಅಂಕಣಗಳ ಪಟ್ಟಿ ಇರುತ್ತವೆ. ಯಾವ ಸಾಧನವನ್ನು ಯಾವಾಗ ಬಳಸಬೇಕೆಂಬುದನ್ನು ಏಜೆಂಟ್ ಮುಖ್ಯವಾಗಿ ಇವುಗಳನ್ನು ಓದಿಯೇ ನಿರ್ಧರಿಸುತ್ತದೆ. ಸಾಧನದ ಒಳಗಿನ ರಚನೆ ಸಾಮಾನ್ಯವಾಗಿ ಅದಕ್ಕೆ ಕಾಣುವುದಿಲ್ಲ.

ಹೀಗಿರುವಾಗ ಈ ವಿವರಣೆಯನ್ನು ಬರೆಯುವ ಹೊಣೆಯನ್ನು ತಂತ್ರಾಂಶ ಪೂರೈಕೆದಾರರಿಗೆ ವಹಿಸಿ ವರ್ತಕರು ಸುಮ್ಮನಿರುವುದು ಉಚಿತವಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಉದಾಹರಣೆಗೆ ‘ಬಿಲ್ ರದ್ದು’ ಎಂಬ ಸಾಧನವನ್ನು ತೆಗೆದುಕೊಳ್ಳೋಣ. ಅದರ ವಿವರಣೆ ‘ಬಿಲ್ಲನ್ನು ರದ್ದು ಮಾಡುತ್ತದೆ’ ಎಂದಷ್ಟೇ ಇದೆಯೆನ್ನೋಣ. ಕೊಂಡ 50 ಪೆಟ್ಟಿಗೆಗಳಲ್ಲಿ 2 ಒಡೆದಿವೆ, ಬಿಲ್ಲನ್ನು ಸರಿಪಡಿಸಿ ಎಂದು ಗಿರಾಕಿಯೊಬ್ಬರು ಅದೇ ದಿನ ಬರೆಯುತ್ತಾರೆ. ಬೇರೆ ಸೂಚನೆಯಿಲ್ಲದ ಏಜೆಂಟ್ ಇಡೀ ಇ-ಇನ್‌ವಾಯ್ಸನ್ನೇ ರದ್ದುಗೊಳಿಸಿದರೆ, ಉಳಿದ 48 ಪೆಟ್ಟಿಗೆಗಳ ನ್ಯಾಯಬದ್ಧ ಮಾರಾಟಕ್ಕೂ ದಾಖಲೆ ಇಲ್ಲವಾಗುತ್ತದೆ. ಗಿರಾಕಿಯ ಹೂಡುವಳಿ ತೆರಿಗೆ ಜಮೆಯೂ ತೂಗುಯ್ಯಾಲೆಯಲ್ಲಿ ಉಳಿಯುತ್ತದೆ. ರದ್ದಾದ ಬಿಲ್ಲಿನ ಸಂಖ್ಯೆಯಿಂದ ಮತ್ತೊಂದು ಇ-ಇನ್‌ವಾಯ್ಸ್ ಪಡೆಯಲು ಸಾಧ್ಯವಿಲ್ಲ. ಅದೇ ಸಾಧನದ ವಿವರಣೆ ಹೀಗಿದ್ದರೆ ಹೇಗೆ?

‘ಇ-ಇನ್‌ವಾಯ್ಸನ್ನು ಪೂರ್ಣವಾಗಿ ರದ್ದುಗೊಳಿಸುತ್ತದೆ. ಐ.ಆರ್.ಎನ್. ದೊರೆತ 24 ಗಂಟೆಗಳೊಳಗೆ ಮಾತ್ರ ಬಳಸಬೇಕು. ಸರಕಿನ ಒಂದು ಭಾಗ ಹಿಂದಿರುಗಿದ್ದರೆ ಅಥವಾ ಬೆಲೆಯನ್ನು ಇಳಿಸಬೇಕಿದ್ದರೆ ಇದನ್ನು ಬಳಸಕೂಡದು. ಕ್ರೆಡಿಟ್ ನೋಟ್ ಸಾಧನವನ್ನು ಬಳಸಬೇಕು. ರದ್ದಾದ ಸಂಖ್ಯೆಯನ್ನು ಪುನಃ ಬಳಸಲಾಗದು. ಮುಂಚಿತವಾಗಿ ಲೆಕ್ಕಾಧಿಕಾರಿಯ ಒಪ್ಪಿಗೆ ಅಗತ್ಯ.’

ಈ ಆರು ವಾಕ್ಯಗಳಲ್ಲಿ ಗಣಕ ವಿಜ್ಞಾನವೇನೂ ಇಲ್ಲ. ಇರುವುದು ವ್ಯಾಪಾರದ ಜ್ಞಾನ ಮತ್ತು ಕಾನೂನಿನ ಜ್ಞಾನ. ಅವು ನಮ್ಮಲ್ಲಿವೆ, ಪೂರೈಕೆದಾರರಲ್ಲಿ ಇರಲೇಬೇಕೆಂದಿಲ್ಲ.

ಹೆಸರುಗಳ ಗೊಂದಲ ಇನ್ನೊಂದು ತೊಡಕು. ‘ಖರೀದಿ ವಿವರ’, ‘ಖರೀದಿ ಪಟ್ಟಿ’, ‘ಖರೀದಿ ವರದಿ’ ಎಂಬ ಮೂರು ಸಾಧನಗಳಿದ್ದರೆ ಹೊಸ ಗುಮಾಸ್ತನೂ ತಡವರಿಸುತ್ತಾನೆ. ಒಂದು ನಮ್ಮದೇ ಖರೀದಿ ಪುಸ್ತಕವಿರಬಹುದು. ಇನ್ನೊಂದು ಪೂರೈಕೆದಾರರು ವಿವರ ಸಲ್ಲಿಸಿದಂತೆಲ್ಲ ಬದಲಾಗುವ ಜಿ.ಎಸ್.ಟಿ.ಆರ್.-2ಎ ಇರಬಹುದು, ಮತ್ತೊಂದು ತಿಂಗಳಿಗೊಮ್ಮೆ ಸಿದ್ಧವಾಗುವ ಜಿ.ಎಸ್.ಟಿ.ಆರ್.-2ಬಿ ಇರಬಹುದು. 2022ರ ಜನವರಿ 1ರಿಂದ ತೆರಿಗೆ ಜಮೆ ಪಡೆಯಲು ಪೂರೈಕೆದಾರರು ಸಲ್ಲಿಸಿದ ವಿವರ ನಮಗೆ ತಿಳಿಸಲ್ಪಟ್ಟಿರಬೇಕೆಂಬ ಷರತ್ತು ಜಾರಿಯಲ್ಲಿದ್ದು, ಅದಕ್ಕೆ ಆಧಾರ 2ಬಿ. ಏಜೆಂಟ್ ನಮ್ಮ ಪುಸ್ತಕವನ್ನಷ್ಟೇ ನೋಡಿ ಜಮೆಯ ಮೊತ್ತವನ್ನು ಹೇಳಿದರೆ, ಮುಂದೆ ಬಡ್ಡಿ ಸಹಿತ ಕಟ್ಟಬೇಕಾದವರು ನಾವೇ.

ಅಂಕಣಗಳ ವಿಷಯದಲ್ಲಿಯೂ ಇದೇ ಎಚ್ಚರಿಕೆ ಅಗತ್ಯ. ‘04-05-2025’ ಎಂದರೆ ಮೇ 4 ಎಂದೋ, ಏಪ್ರಿಲ್ 5 ಎಂದೋ? ‘ಮೊತ್ತ’ ತೆರಿಗೆ ಸೇರಿಯೋ, ಸೇರದೆಯೋ? ರೂಪಾಯಿಗಳಲ್ಲೋ, ಲಕ್ಷಗಳಲ್ಲೋ? ‘ವರ್ಷ’ ಎಂದರೆ ಲೆಕ್ಕಪತ್ರ ವರ್ಷವೋ, ಕರ ನಿರ್ಧಾರಣಾ ವರ್ಷವೋ? 2025ರ ಆದಾಯ ತೆರಿಗೆ ಕಾಯ್ದೆಯು 2026ರ ಏಪ್ರಿಲ್ 1ರಿಂದ ‘ತೆರಿಗೆ ವರ್ಷ’ವೆಂಬ ಪದವನ್ನು ತಂದಿರುವುದರಿಂದ ಹಳೆಯ ಹಾಗೂ ಹೊಸ ದಾಖಲೆಗಳ ನಡುವೆ ಈ ಗೊಂದಲ ಕೆಲಕಾಲ ಮುಂದುವರಿಯಲಿದೆ. ಪ್ರತಿ ಅಂಕಣಕ್ಕೂ ಅರ್ಥ, ಮಾನ ಹಾಗೂ ಒಂದು ಮಾದರಿಯನ್ನು ಬರೆದಿಡುವುದರಿಂದ ಈ ತೊಡಕು ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಯಂತ್ರಗಳು ದಿನೇ ದಿನೇ ಚುರುಕಾಗುತ್ತಿವೆ, ಇಷ್ಟೊಂದು ವಿವರಿಸುವ ಅಗತ್ಯವೇನೆಂದು ಕೆಲವರು ಕೇಳಬಹುದು. ಯಂತ್ರ ಎಷ್ಟೇ ಚುರುಕಾದರೂ ನಮ್ಮ ಸಂಸ್ಥೆಯಲ್ಲಿ ಯಾರ ಒಪ್ಪಿಗೆಯಿಲ್ಲದೆ ಹಣ ಪಾವತಿಯಾಗಕೂಡದೆಂಬುದನ್ನು ಊಹಿಸಿ ತಿಳಿಯಲಾರದು. ಎಲ್ಲಿಯೂ ಬರೆಯದ ನಿಯಮ ಅದರ ಪಾಲಿಗೆ ಇಲ್ಲದ ನಿಯಮವೇ ಸರಿ. ಹಾಗೆಂದು ವಿವರಣೆಯನ್ನು ಪುಟಗಟ್ಟಲೆ ಬೆಳೆಸುವುದೂ ತರವಲ್ಲ. ಅತಿ ದೀರ್ಘವಾದ ಬರಹದಲ್ಲಿ ಮುಖ್ಯ ಷರತ್ತೇ ಮರೆಯಾಗಬಹುದು.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಉತ್ತಮ ವಿವರಣೆ ಆಂತರಿಕ ನಿಯಂತ್ರಣಕ್ಕೆ ಬದಲಿಯಲ್ಲ. ‘ಒಪ್ಪಿಗೆ ಅಗತ್ಯ’ ಎಂದು ಬರೆದರೆ ಸಾಲದು. ಒಪ್ಪಿಗೆ ಇಲ್ಲದೆ ಕಾರ್ಯ ನಡೆಯದಂತೆ ತಂತ್ರಾಂಶದಲ್ಲಿಯೇ ತಡೆ ಇರಬೇಕು. ತಡೆ ಬಿದ್ದಾಗ ‘ದೋಷ’ ಎಂದಷ್ಟೇ ತೋರಿಸದೆ, ಕಾರಣವನ್ನೂ ಮುಂದಿನ ದಾರಿಯನ್ನೂ ಅದು ತಿಳಿಸಬೇಕು.

ಆದ್ದರಿಂದ ಮಾನ್ಯ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಏಜೆಂಟ್ ತಂತ್ರಾಂಶವನ್ನು ಕೊಳ್ಳುವ ಮುನ್ನ ಅದರ ಸಾಧನಗಳ ವಿವರಣೆಗಳ ಮುದ್ರಿತ ಪ್ರತಿಯನ್ನು ಕೇಳಿ ಪಡೆಯಿರಿ. ನಿಮ್ಮ ಲೆಕ್ಕ ಪರಿಶೋಧಕರೊಡನೆ ಕುಳಿತು ಸಾಲು ಸಾಲಾಗಿ ಓದಿರಿ. ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ ಗುಮಾಸ್ತರೊಬ್ಬರು ಅದನ್ನೇ ಓದಿ, ಯಾರನ್ನೂ ಕೇಳದೆ ಸರಿಯಾಗಿ ಕೆಲಸ ಮಾಡಬಲ್ಲರೇ ಎಂದು ಪರೀಕ್ಷಿಸಿರಿ. ನಮ್ಮ ವಾಣಿಜ್ಯ ಮಂಡಳಿಯು ಬಿಲ್ಲು, ಪಾವತಿ ಮತ್ತು ತೆರಿಗೆ ಸಂಬಂಧಿತ ಸಾಧನಗಳಿಗೆ ಮಾದರಿ ವಿವರಣೆಗಳನ್ನು ಸಿದ್ಧಪಡಿಸಿ ಸಣ್ಣ ವರ್ತಕರಿಗೆ ಒದಗಿಸಿದರೆ ಅದೊಂದು ಉಪಯುಕ್ತ ಸೇವೆಯಾದೀತು. ರಿಟರ್ನ್‌ಗೆ ಸಹಿ ಹಾಕುವವರು ನಾವೇ ಆಗಿರುವವರೆಗೆ, ಏಜೆಂಟಿಗೆ ನೀಡುವ ಸೂಚನೆಯ ಭಾಷೆಯೂ ನಮ್ಮದೇ ಹೊಣೆ.