ತಪ್ಪು ನಕಲು

ಮಕ್ಕಳೇ, ಕಳೆದ ವಾರ ಮೊಮ್ಮಗಳೊಡನೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿದ್ದೆ. ತಪ್ಪಲಿನಿಂದ ಬಸ್ಸಿನಲ್ಲಿ ಹತ್ತಿದೆವು. ಮೇಲೆ ಮಂಜು, ಕೊರೆಯುವ ಗಾಳಿ. ನಾನು ಕೆಮ್ಮತೊಡಗಿದೆ.

"ತಾತ, ಈ ವರ್ಷ ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡ್ರಾ?"

"ಹೋದ ವರ್ಷ ಆಯ್ತಲ್ಲಮ್ಮ."

"ವೈರಸ್ಸು ಹೋದ ವರ್ಷದ್ದೇ ಇರುತ್ತಾ?"

ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಓದಿದೆ.

ಬ್ಯಾಂಕಿನಲ್ಲಿ ನಾನು ಲೆಡ್ಜರ್ ಬರೆದರೆ, ಅಧಿಕಾರಿ ತಾಳೆ ನೋಡಿ ಸಹಿ ಹಾಕುತ್ತಿದ್ದರು. ಫ್ಲೂ ವೈರಸ್ಸಿನ ಲೆಡ್ಜರು 8 ಆರ್‌ಎನ್‌ಎ ತುಂಡುಗಳು. ನಮ್ಮ ಜೀವಕೋಶದೊಳಗೆ ಅವು ನಕಲಾಗುವಾಗ ತಾಳೆ ನೋಡುವವರಿಲ್ಲ, ತಪ್ಪುಗಳು ಉಳಿದುಬಿಡುತ್ತವೆ. ಎಷ್ಟೋ ತಪ್ಪುಗಳಿಂದ ವೈರಸ್ಸೇ ಸೊರಗುತ್ತದೆ. ಕೆಲವು ಅದಕ್ಕೆ ಲಾಭ. ಹೊರಮೈ ಬದಲಾದರೆ, ಹಳೆಯ ಲಸಿಕೆ ಕಲಿಸಿದ ಗುರುತು ನಮ್ಮ ದೇಹಕ್ಕೆ ಸಾಲದು.

ಹಕ್ಕಿಜ್ವರದ ವೈರಸ್ಸಿನ ಪಿಬಿ2 ಪ್ರೋಟೀನಿನಲ್ಲಿ 627ನೆಯ ಅಮೈನೋ ಆಮ್ಲವೊಂದು ಬದಲಾದರೆ ಸಾಕು, ಮನುಷ್ಯರ ಜೀವಕೋಶದಲ್ಲೂ ಅದು ಚೆನ್ನಾಗಿ ನಕಲಾಗಬಲ್ಲದು. ಹಕ್ಕಿಜ್ವರವೆಂದರೆ ಅಷ್ಟು ಎಚ್ಚರ ಏಕೆಂದು ಈಗ ತಿಳಿಯಿತಲ್ಲ? 2017ರ ಜನವರಿಯಲ್ಲಿ ಮೈಸೂರು ಮೃಗಾಲಯವನ್ನೇ ಮುಚ್ಚಿದ್ದು ನಿಮ್ಮ ಅಜ್ಜಿಗೆ ನೆನಪಿರಬಹುದು.

ಎಪ್ಪತ್ತು ದಾಟಿದವರಿಗೆ ಫ್ಲೂ ಬರೀ ನೆಗಡಿಯಲ್ಲ, ನ್ಯುಮೋನಿಯಾಕ್ಕೂ ತಿರುಗೀತು. ಕೆಮ್ಮು ನಿಂತ ಮೇಲೆ ಗುಂಡ್ಲುಪೇಟೆಗೆ ಹೋಗಿ ಡಾಕ್ಟರ ಮುಂದೆ ತೋಳು ಚಾಚಿದೆ. ಮೊಮ್ಮಗಳು ಚೀಟಿಯ ಮೇಲಿನ ತಾರೀಖನ್ನು ತಾಳೆ ನೋಡಿದಳು.

ನಿಮ್ಮ ಮನೆಯ ಅಜ್ಜ ಅಜ್ಜಿಯನ್ನೂ ಒಮ್ಮೆ ಕೇಳಿ ನೋಡಿ.