ಕೆಳಗಿನ ಮೇಜಿನ ಮಾತು

ಕಾರವಾರದ ಕಚೇರಿಯೊಂದರಲ್ಲಿ ಹಲವು ವರ್ಷ ನಾನು ಮೇಲ್ವಿಚಾರಕನಾಗಿದ್ದೆ. ಅಂಕೋಲೆಯ ಕಡೆಯಿಂದ ಬೆಳಗಿನ ಬಸ್ಸಿಗೆ ಬರುವ ಹಳ್ಳಿಗರು ಒಂದು ದಾಖಲೆಗಾಗಿ ಮೂರು ಮೇಜು ಸುತ್ತಿ, ಕೊನೆಗೆ ಕಾಗದ ಸಾಲದೆಂದು ಹಿಂದಿರುಗುತ್ತಿದ್ದರು. ಅರ್ಜಿಗಳನ್ನು ಬಾಗಿಲಲ್ಲೇ ನೋಡಿ ಕೊರತೆ ತಿಳಿಸಿದರೆ ಅಲೆದಾಟ ತಪ್ಪುತ್ತದೆಂದು ನಮ್ಮ ಜವಾನ ಒಮ್ಮೆ ಸೂಚಿಸಿದ. 'ನಿನ್ನ ಕೆಲಸ ನೀನು ನೋಡು' ಎಂದೆ. ಆತ ಮತ್ತೆಂದೂ ಬಾಯಿ ತೆರೆಯಲಿಲ್ಲ. ವರ್ಷಗಳ ನಂತರ ಅದೇ ಕ್ರಮ ಸುತ್ತೋಲೆಯಾಗಿ ಬಂದಾಗ ಶಿಸ್ತಿನಿಂದ ಜಾರಿಗೊಳಿಸಿದೆ.

ಸಿಬ್ಬಂದಿಯಲ್ಲಿ ಹೊಸತನ ಬೆಳೆಸಬೇಕೆಂದಾಗ ನಮಗೆ ನೆನಪಾಗುವುದು ತರಬೇತಿ ಶಿಬಿರ, ಸಲಹಾ ಪೆಟ್ಟಿಗೆ. ಅದಕ್ಕೂ ಮೊದಲು, ತನಗೆ ತಿಳಿಯದ್ದು ಕೈಕೆಳಗಿನವರಿಗೆ ತಿಳಿದಿರಬಹುದೆಂದು ಅಧಿಕಾರಿ ಒಪ್ಪಬೇಕು.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರದು ಇದಕ್ಕೆ ಕಣ್ಣೆದುರಿನ ನಿದರ್ಶನ. ಹಾಲಕ್ಕಿ ಸಮುದಾಯದ, ಶಾಲೆಯ ಮೆಟ್ಟಿಲು ಹತ್ತದ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿದ್ದರು. ಪಶ್ಚಿಮ ಘಟ್ಟದ ಹಲವು ಮರಗಳ ಬೀಜ ಬಹುಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಯಾವ ತಾಯಿಮರದಿಂದ, ಯಾವ ಸಮಯದಲ್ಲಿ ಬೀಜ ಆಯಬೇಕೆಂಬುದನ್ನು ಅವರು ಬಲ್ಲವರಾಗಿದ್ದರು. ಅರಣ್ಯಾಧಿಕಾರಿ ಅ.ನ. ಯಲ್ಲಪ್ಪ ರೆಡ್ಡಿ ಈ ಅರಿವನ್ನು ಗುರುತಿಸಿ ಗೌರವಿಸಿದರು. ಕೂಲಿಯಾಳಿನ ಮಾತಿಗೆ ಇಲಾಖೆಯಲ್ಲಿ ಬೆಲೆ ಬಂದದ್ದು ಹೀಗೆ.

ಆದರೆ ಒಬ್ಬ ಅಧಿಕಾರಿಯ ಕಿವಿಯಷ್ಟೇ ಸಾಲದು. 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದವು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರು 2024ರ ಡಿಸೆಂಬರ್ 16ರಂದು ನಿಧನರಾದಾಗ ನಾಡೆಲ್ಲ ಕಂಬನಿ ಮಿಡಿಯಿತು. ಅದೇ ಜೀವ ಮೂರು ದಶಕಕ್ಕೂ ಹೆಚ್ಚು ಕಾಲ ದಿನಗೂಲಿಯಲ್ಲೇ ದುಡಿದಿತ್ತು. ಅರಿವನ್ನು ಪಡೆದುಕೊಂಡ ವೇಗದಲ್ಲಿ ವ್ಯವಸ್ಥೆ ಅದಕ್ಕೆ ಹುದ್ದೆ, ಸಂಬಳ ಕೊಡುವುದಿಲ್ಲ.

ಆದುದರಿಂದ ಮೇಲಧಿಕಾರಿಯ ಹೊಣೆ ಕೇಳಿಸಿಕೊಳ್ಳುವಲ್ಲಿಗೆ ಮುಗಿಯದು. ಸಲಹೆಯನ್ನು ಸಣ್ಣ ಪ್ರಮಾಣದಲ್ಲಿ ಪ್ರಯೋಗಿಸಲು ಬಿಡಬೇಕು. ವಿಫಲವಾದರೆ ವಿವರಣೆ ತಾನೇ ಕೊಡಬೇಕು. ಫಲಿಸಿದರೆ ಕಡತದಲ್ಲಿ ಸೂಚಿಸಿದವರ ಹೆಸರು ಬರೆಯಬೇಕು, ಬಡ್ತಿಯ ವೇಳೆ ಅದನ್ನು ನೆನಪಿಸಬೇಕು. ಇದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ.

ನಮ್ಮ ಜವಾನ ನಿವೃತ್ತನಾದ ದಿನ ಹಾರ ಹಾಕಿ, ಆತನ ಪ್ರಾಮಾಣಿಕತೆಯನ್ನು ಹೊಗಳಿ ಮಾತನಾಡಿದೆ. ಸುತ್ತೋಲೆಗೂ ಮೊದಲೇ ಆ ಮಾತು ಹೇಳಿದವನು ಆತನೆಂದು ಅಂದಾದರೂ ಹೇಳಬಹುದಿತ್ತು. ಹೇಳಲಿಲ್ಲ.