ಅಜ್ಜಿಯ ಹಾಡಿಗೊಂದು ಡಬ್ಬಿ ಬೇಕು, ಅದನ್ನು ಊರಲ್ಲೇ ಮಾಡೋಣ

ಮೇಲೂರಿನ ಸುತ್ತಮುತ್ತ ಹಾಡುವವರಿಗೆ ಬರವಿಲ್ಲ. ಭಜನೆಯಲ್ಲಿ ಕೈವಾರ ತಾತಯ್ಯನವರ ತತ್ವಪದ, ಮದುವೆ ಮನೆಯಲ್ಲಿ ಸೋಬಾನೆ, ಜಾತ್ರೆಯಲ್ಲಿ ತಮಟೆ. ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀಯೇ ಬಂತು. ಆದರೆ ಇದೆಲ್ಲ ನಮ್ಮ ಫೋನುಗಳಲ್ಲಿ ಹೇಗೆ ಉಳಿದಿದೆ ಅಂತ ಒಮ್ಮೆ ಕೇಳಿ ನೋಡಿ. ಅಜ್ಜಿ ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಂಡರೆ ಸಾಕು, ಫ್ಯಾನಿನ ಸದ್ದು ಬುಸ್ ಅಂತ ಮೇಲೇಳುತ್ತದೆ. ತಮಟೆಯ ಪೆಟ್ಟು ಒಡೆದ ತಗಡಿನ ಸದ್ದಾಗಿರುತ್ತದೆ.

ಫೋನು ಮಾಡಿರುವುದೇ ಮಾತಾಡಲಿಕ್ಕೆ. ದನಿ ತಗ್ಗಿದರೆ ತಾನೇ ಏರಿಸುತ್ತದೆ, ಜೋರಾದರೆ ತಾನೇ ಅದುಮುತ್ತದೆ. ಹಾಡಿಗೆ ಆ ಉಪಕಾರ ಬೇಡ. ಬೇಕಾಗಿರುವುದು ಒಂದು ಒಳ್ಳೆಯ ಮೈಕು ಮತ್ತು ಅದರ ಸಣ್ಣ ದನಿಯನ್ನು ಹದವಾಗಿ ಎತ್ತಿಕೊಡುವ ಪ್ರೀಆಂಪ್. ಭಜನೆ ಮನೆಯಲ್ಲಿ ಇರುವಂಥ ಡೈನಾಮಿಕ್ ಮೈಕಿನಿಂದ ಹೊರಬರುವುದು ಒಂದೆರಡು ಮಿಲಿವೋಲ್ಟ್ ಅಷ್ಟೆ. ಅದನ್ನು ನೂರು ಪಟ್ಟಿಗೂ ಹೆಚ್ಚು ಹಿಗ್ಗಿಸಿದರೇನೇ ಕಂಪ್ಯೂಟರಿಗೆ ಸರಿಯಾಗಿ ಕೇಳಿಸುವುದು.

ರೆಡಿಮೇಡ್ ಸಿಗಲ್ವಾ ಅಂತ ಕೇಳುತ್ತೀರಿ. ಸಿಗುತ್ತೆ. ದುಡ್ಡಿದ್ದವರು ತರಲಿ, ನಮ್ಮ ತಕರಾರಿಲ್ಲ. ಆದರೆ ಕೆಟ್ಟರೆ ಅದನ್ನು ಇಲ್ಲಿ ಬಿಚ್ಚುವವರಿಲ್ಲ, ಮೂಲೆ ಸೇರುತ್ತದೆ. ಊರಿನ ಹುಡುಗರೇ ಬೆಸುಗೆ ಹಾಕಿದ್ದನ್ನು ಊರಿನ ಹುಡುಗರೇ ರಿಪೇರಿ ಮಾಡುತ್ತಾರೆ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಸೋಲ್ಡರಿಂಗ್ ಐರನ್ನು, ಮೀಟರು ಈಗಾಗಲೇ ಇವೆ. ಐಟಿಐ, ಪಾಲಿಟೆಕ್ನಿಕ್ ಓದಿದವರು ಬೀದಿಗೊಬ್ಬರು ಸಿಗುತ್ತಾರೆ.

ಸಾಮಾನೂ ಹೆಚ್ಚಿಲ್ಲ. ಎನ್‌ಇ5532 ಅನ್ನುವ ಎಂಟು ಕಾಲಿನ ಐಸಿ, ಕೆಲವು ರೆಸಿಸ್ಟರು, ಕೆಪಾಸಿಟರು, ಒಂದು ವಾಲ್ಯೂಮ್ ಗುಂಡಿ, 9 ವೋಲ್ಟಿನ ಎರಡು ಬ್ಯಾಟರಿ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಎಲ್ಲವೂ ಒಂದೇ ಬೀದಿಯಲ್ಲಿ. ಎಷ್ಟು ಪಟ್ಟು ಹಿಗ್ಗಬೇಕು ಅನ್ನುವುದನ್ನು ಎರಡು ರೆಸಿಸ್ಟರೇ ತೀರ್ಮಾನಿಸುತ್ತವೆ: 100 ಓಮ್ ಜೊತೆಗೆ 10 ಸಾವಿರ ಓಮ್ ಹಾಕಿದರೆ 101 ಪಟ್ಟು. ದೊಡ್ಡದರ ಜಾಗಕ್ಕೆ ಗುಂಡಿ ಹಾಕಿಕೊಂಡರೆ ತಿರುಗಿಸಿ ತಗ್ಗಿಸಬಹುದು. ಇದು ಬೇಕೇ ಬೇಕು, ಯಾಕೆಂದರೆ ಅಜ್ಜಿಗೆ ನೂರು ಪಟ್ಟು ಬೇಕಾದ ಕಡೆ ತಮಟೆಗೆ ಹತ್ತು ಪಟ್ಟೇ ಜಾಸ್ತಿ.

ಬ್ಯಾಟರಿ ಬಿಟ್ಟು ಅಡಾಪ್ಟರ್ ಹಾಕುವ ಆಸೆ ಬೇಡ. ನಮ್ಮ ಎಷ್ಟೋ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲ. ಪಕ್ಕದಲ್ಲೇ ರೇಷ್ಮೆ ರೀಲಿಂಗ್ ಮೋಟಾರು ಇದ್ದರಂತೂ ಕೇಳುವುದೇ ಬೇಡ, ಹಾಡಿನುದ್ದಕ್ಕೂ ಗುಂಯ್ ಅನ್ನುತ್ತಿರುತ್ತದೆ. ಬ್ಯಾಟರಿಯಾದರೆ ಡಬ್ಬಿಯೊಳಗೆ ಆ ದಾರಿಯಲ್ಲಿ ಗುಂಯ್‌ ಬರುವುದಿಲ್ಲ, ಕರೆಂಟು ಹೋದರೂ ಚಿಂತೆಯಿಲ್ಲ. ಎಲ್ಲವನ್ನೂ ಸ್ಟೀಲಿನ ಊಟದ ಡಬ್ಬಿಯೊಳಗೆ ಕೂರಿಸಿ, ಡಬ್ಬಿಗೆ ಗ್ರೌಂಡ್ ವೈರು ಸೇರಿಸಿ. ಪ್ಲಾಸ್ಟಿಕ್ ಡಬ್ಬಿ ನೋಡಲು ಚೆಂದ, ಕೆಲಸಕ್ಕೆ ಬಾರದು. ಮೈಕಿನ ವೈರು ಉದ್ದ ಬೇಡ. 48 ವೋಲ್ಟ್ ಕೇಳುವ ಕಂಡೆನ್ಸರ್ ಮೈಕು ಇದಕ್ಕೆ ಆಗುವುದಿಲ್ಲ.

ಡಬ್ಬಿಯ ದನಿಯನ್ನು ಹಳೇ ಡೆಸ್ಕ್‌ಟಾಪಿನ ಹಿಂದಿರುವ ನೀಲಿ ತೂತಿಗೆ, ಅಂದರೆ ಲೈನ್ ಇನ್‌ಗೆ ಕೊಡಿ. ಫೋನಿನ ಇಯರ್‌ಫೋನ್ ತೂತಿಗೆ ನೇರವಾಗಿ ಚುಚ್ಚಬೇಡಿ. ಅದು ಮಿಲಿವೋಲ್ಟಿನ ಲೆಕ್ಕದ್ದು, ಅಲ್ಲಿ ದನಿ ಒಡೆಯುತ್ತದೆ. ರೆಕಾರ್ಡಿಂಗಿಗೆ ಆಡಾಸಿಟಿ ಇದೆ, ಪುಕ್ಕಟೆ.

ಇದೆಲ್ಲ ಹಳ್ಳಿಗೆ ಯಾಕೆ ಅನ್ನುವವರು ಬೂದಿಕೋಟೆಯನ್ನು ನೆನಪಿಸಿಕೊಳ್ಳಲಿ. ನಾವೆಲ್ಲ ಇನ್ನೂ ಒಂದೇ ಕೋಲಾರ ಜಿಲ್ಲೆಯಲ್ಲಿದ್ದ ಕಾಲ. ಮೈರಾಡ, ವಾಯ್ಸಸ್ ಸಂಸ್ಥೆಗಳ ಮತ್ತು ಯುನೆಸ್ಕೋದ ನೆರವಿನಿಂದ ಅಲ್ಲಿ ‘ನಮ್ಮ ಧ್ವನಿ’ ಶುರುವಾಯಿತು. ಆಕಾಶದ ಅಲೆಗಳು ಜನರ ಸೊತ್ತು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಸಂಘ ಸಂಸ್ಥೆಗಳಿಗೆ ರೇಡಿಯೊ ಲೈಸೆನ್ಸಿನ ಬಾಗಿಲು ತೆರೆದದ್ದು 2006ರಲ್ಲಿ. ಬೂದಿಕೋಟೆಯವರು ಅಲ್ಲಿತನಕ ಕಾಯಲಿಲ್ಲ. ಊರಲ್ಲೇ ರೆಕಾರ್ಡ್ ಮಾಡಿ, ಟಿವಿ ಕೇಬಲ್ಲಿನಲ್ಲೇ ದನಿ ಹರಿಸಿ ಮನೆಮನೆಗೆ ಮುಟ್ಟಿಸಿದರು.

ಈಗ ಕೇಬಲ್ಲೂ ಬೇಡ, ಲೈಸೆನ್ಸೂ ಬೇಡ. ಹಂಚಲು ವಾಟ್ಸ್ಆಪ್ ಸಾಕು. ಹಾಗಾಗಿ ನಾವು ಪಂಚಾಯಿತಿಯವರಿಗೆ ಕೇಳುವುದು ಒಂದೇ: ಅರಿವು ಕೇಂದ್ರದ ಬೀರುವಿನಲ್ಲಿ ಪುಸ್ತಕದ ಪಕ್ಕ ಒಂದು ಮೈಕು, ಇಂಥ ಒಂದು ಡಬ್ಬಿ ಇರಲಿ. ರಿಜಿಸ್ಟರಿನಲ್ಲಿ ಸಹಿ ಹಾಕಿ ಯಾರು ಬೇಕಾದರೂ ಒಯ್ಯಲಿ. ಡಬ್ಬಿಯ ಮುಚ್ಚಳದ ಒಳಗೆ ಸರ್ಕ್ಯೂಟಿನ ಚಿತ್ರ ಅಂಟಿಸಿಡಿ, ಮುಂದಿನ ರಿಪೇರಿಯವರಿಗೆ ಬೇಕಾಗುತ್ತದೆ.

ರೆಕಾರ್ಡ್ ಮಾಡುವ ದಿನ ಫ್ಯಾನ್ ಆರಿಸಿ, ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿಡಿ. ಹಂಚಬಹುದೇ ಅಂತ ಹಾಡುವವರನ್ನೇ ಮೊದಲು ಕೇಳಿ. ಆಮೇಲೆ ಅವರ ಹೆಸರು, ಊರು, ಹಾಡು ಯಾರಿಂದ ಕಲಿತದ್ದು ಅನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ, ಆಮೇಲೆ ಹಾಡಿಸಿ.